ಕಮಲಾಪುರದ ಇಬ್ಬರು ಬೀಗತಿಯರೂ ನಮ್ಮ ಸೇವೆಯ ಲಾಭವೂ

ಸೇವೆ ಮಾಡಲೆಂದು ಮನೆಯಿಂದ ಹೊರಟವರಿಗೆ ಸೇವೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಎದುರಾಗುತ್ತದೆ. ನಮ್ಮ ಮಹಿಳಾ ಸೇವಾ ಬಳಗ ಶುರುವಾದ ಮೇಲೆ ಹಾಗಾಗದ ವಾರವನ್ನೇ ನಾನು ಕಂಡಿಲ್ಲ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನಾನು ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಹೆಣ್ಣುಮಗಳು. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ದೇವರ ಫೋಟೋಕ್ಕಿಂತ ಒಂದೇ ಒಂದು ಮೊಳೆ ಕೆಳಗೆ ತೂಗುಹಾಕಿದ್ದೇನೆ. ಕಂಡದ್ದನ್ನು ಅದೇ ದಿನ ಬರೆದಿಡುವುದು ಕಾಲೇಜಿನಿಂದ ಬಂದ ಅಭ್ಯಾಸ. ಸೊಸೆಯಂದಿರು "ಅತ್ತಿ ರಿಪೋರ್ಟ್ ಬರೀಲಾಕತ್ಯಾರ, ಟಿ.ವಿ. ಸಣ್ಣ ಮಾಡ್ರಿ" ಎಂದು ಮೊಮ್ಮಕ್ಕಳಿಗೆ ಹೇಳುತ್ತಾರೆ. ಹೇಳಲಿ. ಬರೆದಿಡದಿದ್ದರೆ ಮುಂದಿನ ಸಂಗತಿಗಳನ್ನು ಯಾರೂ ನಂಬುತ್ತಿರಲಿಲ್ಲ.

ಯಾರ ಬಿ.ಪಿ.?

ಕಲಬುರಗಿಯ ಐವಾನ್-ಎ-ಶಾಹಿ ಕಡೆ ಇರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಯಲ್ಲಿ ಬಳಗದ ಮೊದಲ ಸಭೆ ನಡೆಯಿತು. ಅವರೇ ಅಧ್ಯಕ್ಷೆ. ಸೇಡಂ ರಸ್ತೆಯ ನಮ್ಮ ಲೇಔಟಿನಿಂದ ನಾನೂ, ಎದುರು ಮನೆಯ ಗೆಳತಿಯೂ ಹೋಗಿದ್ದೆವು. ಅತಿಥಿಯಾಗಿ ಬಂದ ಡಾಕ್ಟರಮ್ಮ ಸಮಾಜ ಸೇವೆಗೆ ಸೇರುವುದರಿಂದ ಆಗುವ ಲಾಭಗಳನ್ನು ಹೇಳಿದರು. ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಬಿ.ಪಿ. ಇಳಿಯುತ್ತದೆ, ಈ ವಯಸ್ಸಿನಲ್ಲೂ ಹೊಸ ಗೆಳೆತನ ಹುಟ್ಟುತ್ತದೆ. ನಾನು ಎಲ್ಲವನ್ನೂ ಬರೆದುಕೊಂಡೆ.

ಮನೆಗೆ ಬಂದು ಯಜಮಾನರಿಗೆ ಓದಿ ಹೇಳಿದೆ. ಅವರದು ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ. ಯಾವ ಮಾತನ್ನಾದರೂ ಅಂಗೈಯಲ್ಲಿ ಹರವಿ, ಊದಿ, ಹೊಟ್ಟು ಹಾರಿಸಿದ ಮೇಲೆಯೇ ಒಪ್ಪುವ ಸ್ವಭಾವ.

"ಬಿ.ಪಿ. ಇಳೀತದ ಅಂದ್ರಲ್ಲ, ಯಾರದು?"

"ಸೇವಾ ಮಾಡೋರದು."

"ಮತ್ತ ಸೇವಾ ಮಾಡಿಸ್ಕೊಳ್ಳೋರದು?"

ಆ ಬಗ್ಗೆ ಡಾಕ್ಟರಮ್ಮ ಏನೂ ಹೇಳಿರಲಿಲ್ಲ. ಬರೆದುಕೊಂಡದ್ದನ್ನು ಮತ್ತೊಮ್ಮೆ ನೋಡಿದೆ, ಅಲ್ಲಿಯೂ ಇರಲಿಲ್ಲ. ಅಂದಿನಿಂದ ನನಗೆ ಅದೇ ಕುತೂಹಲ. ಸೇವೆಯಲ್ಲಿ ಲಾಭ ಆಗುವುದು ನಿಜವೇ ಇರಬಹುದು. ಆದರೆ ಯಾರಿಗೆ?

ದಾರಿ ತೋರಿಸುವ ಕೆಲಸ

ಮೊದಲು ನಮಗೆ ಸಿಕ್ಕಿದ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳಿಗೆ ದಾರಿ ತೋರಿಸುವ ಕೆಲಸ. ಬಾಗಿಲ ಹತ್ತಿರ ಮೇಜು, ಎರಡು ಕುರ್ಚಿ, ಎದೆಯ ಮೇಲೆ "ಕೇಳಿ, ಹೇಳುತ್ತೇವೆ" ಎಂಬ ಬಿಲ್ಲೆ. ಕಟ್ಟಡವನ್ನು ಹಿಂದಿನ ದಿನವೇ ಒಂದು ಸುತ್ತು ನೋಡಿಕೊಂಡಿದ್ದೆ. ಪದವೀಧರೆಗೆ ಅಷ್ಟು ಸಾಕು ಎಂದುಕೊಂಡೆ.

ಬಿಳಿ ಗಡ್ಡದ ಒಬ್ಬ ಹಿರಿಯರು ಮೊಣಕಾಲು ಹಿಡಿದುಕೊಂಡು ಬಂದರು. "ಅಮ್ಮಾ, ಎಕ್ಸ್-ರೇ ಕಿಧರ್?"

ಕೈ ಮಾಡಿ ತೋರಿಸಿದರೆ ಅದೆಂಥ ಸೇವೆ? ಎದ್ದು ಮುಂದೆ ನಡೆದೆ. ಅವರು ನನ್ನ ಹಿಂದೆ. ಒಂದು ಓಣಿ ದಾಟಿದೆವು, ಇಳಿಜಾರು ಇಳಿದೆವು, ಬಲಕ್ಕೆ ಹೊರಳಿದೆವು. ಜನ ಕಡಿಮೆಯಾಗುತ್ತ ಹೋದರು. ಎಕ್ಸ್-ರೇ ಕೋಣೆ ಶಾಂತವಾಗಿರುವುದು ಒಳ್ಳೆಯದೇ ಎಂದುಕೊಂಡೆ. ಕೊನೆಗೆ ಒಂದು ಹಸಿರು ಬಾಗಿಲ ಮುಂದೆ ನಿಂತು, "ಇಗೋ ಬಂತು ನೋಡ್ರಿ" ಎಂದೆ.

ಹಿರಿಯರು ತಲೆಯೆತ್ತಿ ಬೋರ್ಡು ಓದಿದರು. ಉರ್ದುವಿನಲ್ಲೂ ಬರೆದಿತ್ತು. ಅದು ಶವಾಗಾರ.

ಅವರು ಒಂದಿಷ್ಟೂ ಸಿಟ್ಟಾಗಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, ಹುಡುಗಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಹೇಳಿದರು: "ಇತ್ತಾ ಜಲ್ದಿ ನಕ್ಕೋ ಅಮ್ಮಾ. ಪಹಲೇ ಫೋಟೋ ತೋ ಲೇನೇ ದೇವ್." ಇಷ್ಟು ಬೇಗ ಬೇಡ ತಾಯಿ, ಮೊದಲು ಫೋಟೋ ಆದರೂ ತೆಗೆಯಲಿ.

ಬಾಣದ ಗುರುತನ್ನು ತಪ್ಪು ಗೋಡೆಗೆ ಬರೆದವರು ಯಾರೆಂದು ನಾನು ಇನ್ನೂ ವಿಚಾರಿಸುತ್ತಿದ್ದೇನೆ. ಎಕ್ಸ್-ರೇ ಕೋಣೆಗೆ ಆಮೇಲೆ ಅವರೇ ನನ್ನನ್ನು ಕರೆದುಕೊಂಡು ಹೋದರು.

ಉಡಿ

ಚಳಿಗಾಲಕ್ಕೆ ನಮ್ಮ ಜಿಲ್ಲೆಯ ಕಮಲಾಪುರದಲ್ಲಿ ಉಚಿತ ಕಣ್ಣಿನ ಶಿಬಿರ ನಡೆಸುವುದೆಂದು ನಿರ್ಧಾರವಾಯಿತು. ಮನೆಮನೆಗೆ ಹೋಗಿ, ಕಣ್ಣಿನ ತೊಂದರೆ ಇದ್ದವರನ್ನು ಹುಡುಕಿ, ಶಿಬಿರಕ್ಕೆ ಬರಲು ಒಪ್ಪಿಸುವುದು ನಮ್ಮ ಕೆಲಸ. ಕೊಡಲೆಂದು ಚೀಲದಲ್ಲಿ ಒಂದಿಷ್ಟು ಸಾಬೂನು, ಬಿಸ್ಕೀಟು ಒಯ್ದಿದ್ದೆವು.

ಒಂದು ವಿಷಯ ನಮ್ಮ ಯಾರಿಗೂ ಮೊದಲೇ ಹೊಳೆಯಲಿಲ್ಲ. ಮುತ್ತೈದೆ ಮನೆಗೆ ಬಂದರೆ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲವೇ ಇಲ್ಲ. ಮೊದಲ ಮನೆಯಲ್ಲಿ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ. ಎರಡನೆಯ ಮನೆಯಲ್ಲಿ ಅದೇ, ಮೇಲೆ ಬೆಲ್ಲ. ಮುಂದಿನ ಮನೆಯಲ್ಲಿ ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆ ಎಂದರೆ ಕೇಳಬೇಕೆ, ಒಂದು ಹಣ್ಣಿಗೆ ಒಂದು ಹೊತ್ತಿನ ಊಟ ತಪ್ಪುತ್ತದೆ. ಬೇಡವೆಂದರೆ ಅಪಶಕುನ. ನಮ್ಮ ಸಾಬೂನು ಒಂದು ಓಣಿಯಲ್ಲೇ ಮುಗಿಯಿತು. ಅವರ ಉಡಿ ಮುಗಿಯಲಿಲ್ಲ. ಎದುರು ಮನೆಯ ಗೆಳತಿಗೆ ಸಕ್ಕರೆ ಕಾಯಿಲೆ. ಪ್ರತಿ ಮನೆಯಲ್ಲೂ "ಸಕ್ಕರಿ ಕಮ್ಮಿ ತಿನ್ರಿ, ಕಣ್ಣಿಗೆ ಹೊಡಿತದ" ಎಂದು ಭಾಷಣ ಮಾಡಿ, ಪ್ರತಿ ಮನೆಯಲ್ಲೂ ಅತಿಥಿಯೆಂದು ಎರಡು ಚಮಚ ಹೆಚ್ಚು ಹಾಕಿದ ಚಹಾ ಕುಡಿದಳು.

ಓಣಿಯ ಕೊನೆಯ ಮನೆ ತೋಟಕ್ಕೆ ಹತ್ತಿಕೊಂಡಿತ್ತು. ಅಲ್ಲಿದ್ದ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು; ನಮ್ಮ ಕಡೆ ಅಜ್ಜಿಗೆ ಹಾಗೆ ಹೇಳುತ್ತಾರೆ. ಆಕೆಯ ಗಂಡ ಮುತ್ಯಾ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ. ಸೊಸೆ ನನ್ನ ಉಡಿ ತುಂಬಿದಳು. ಕುಂಕುಮ ಮಾತ್ರ ತಾನೇ ಹಚ್ಚುವುದಾಗಿ ಆಯಿ ಎದ್ದು ಬಂದಳು.

"ಆಯಿ, ಕಣ್ಣು ಹ್ಯಾಂಗವರಿ?" ಎಂದು ಕೇಳಿದೆ.

"ನನ್ನ ಕಣ್ಣಿಗೇನಾಗ್ಯಾದ? ಇವತ್ತಿಗೂ ಸೂಜಿಗೆ ದಾರ ಪೋಣಿಸ್ತೀನಿ" ಎನ್ನುತ್ತ ಕುಂಕುಮ ಹಚ್ಚಿದಳು. ನನ್ನ ಹಣೆಗಲ್ಲ, ಚಷ್ಮಾದ ಎಡಗಾಜಿಗೆ.

ಅಂದು ಸಂಜೆಯವರೆಗೆ ಅರ್ಧ ಕಮಲಾಪುರ ನನಗೆ ಕೆಂಪಾಗಿಯೇ ಕಂಡಿತು. ಯಜಮಾನರು ನಾನು ಹೊತ್ತು ತಂದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಅಕ್ಕಿಯನ್ನು ಅಂಗೈಯಲ್ಲಿ ಹರವಿ ನೋಡಿ, ಗಂಭೀರವಾಗಿ ಕೇಳಿದರು: "ಈ ಧಂದಾದಾಗ ಗಂಡಸರನ್ನೂ ಸೇರಿಸ್ಕೋತಾರೇನು?"

ಸೊಸೆಯ ಚಿಂತೆ

ಇದು ನಗುವ ಮಾತಲ್ಲ, ಆದರೂ ಇಲ್ಲಿ ಬರೆಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಂದು ನಾವು ಹೊರಟಾಗ ಆಯಿಯ ಸೊಸೆ ಓಣಿಯ ತಿರುವಿನವರೆಗೆ ಹಿಂದೆಯೇ ಬಂದಳು. "ಅಕ್ಕೋರೆ, ಅತ್ತಿ ಸುಳ್ಳು ಹೇಳ್ತಾಳ್ರಿ. ಆಕಿಗಿ ಎರಡೂ ಕಣ್ಣಾಗ ಪೊರಿ ಬಂದದ. ತೋಟದಾಗ ತೆರೆದ ಬಾವಿ ಅದ. ಮೊನ್ನಿ ಅದರ ಅಂಚಿಗಿ ಹೋಗಿ ನಿಂತಿದ್ದಳು. ನಾ ಓಡಿ ಹೋಗಿ ಕೈ ಹಿಡದು ಎಳದೆ. 'ಯಾಕ ಎಳೀತಿ, ಅಂಗಳದಾಗ ನಿಂತೀನಿ' ಅಂತಾಳ. ಇನ್ನೊಂದು ಹೆಜ್ಜಿ ಇಟ್ಟಿದ್ದರ ಏನು ಗತಿ ಹೇಳ್ರಿ?"

"ಶಿಬಿರಕ್ಕ ಕರ್ಕೊಂಡು ಬಾ" ಎಂದೆ.

"ಕರ್ಕೊಂಡು ಬರ್ತೀನ್ರಿ. ಆದರ ನಮ್ಮವ್ವನೂ ಇದೇ ಊರಾಗ ಹಿಂದಿನ ಓಣ್ಯಾಗ ಅದಾಳ. ಆಕಿ ಕಣ್ಣಿಗೂ ಇದೇ ಹಣೆಬರ. ಇಬ್ಬರನ್ನೂ ನಾನೇ ಕರಕೊಂಡು ಬರಬೇಕು. ಅವರು ನನ್ನ ಮದವಿ ಆದಾಗಿಂದ ಮಾತು ಬಿಟ್ಟಾರ. ಒಬ್ಬಾಕಿ ಇದ್ದಲ್ಲಿ ಇನ್ನೊಬ್ಬಾಕಿ ಬರಂಗಿಲ್ಲ."

"ಯಾಕ ಬಿಟ್ಟಾರ?"

"ಅತ್ತಿನ್ನ ಕೇಳಿದ್ರ ತುಪ್ಪ ಅಂತಾಳ. ಅವ್ವನ್ನ ಕೇಳಿದ್ರ ಸೀರಿ ಅಂತಾಳ. ಅದರ ಮುಂದ ಇಬ್ಬರೂ ಬಾಯಿ ಬಿಡಂಗಿಲ್ಲ."

ತುಪ್ಪಕ್ಕೂ ಸೀರೆಗೂ ಏನು ಸಂಬಂಧ? ಕಲಬುರಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ತರ್ಕಶಾಸ್ತ್ರ ನನಗೆ ಕಾಲೇಜಿನಲ್ಲಿ ಐಚ್ಛಿಕ ವಿಷಯವಾಗಿತ್ತು. ಅದೂ ಕೈಗೆ ಬರಲಿಲ್ಲ.

ಗ್ವಾಡಿ

ಶಿಬಿರ ಕಮಲಾಪುರದ ಒಂದು ಶಾಲೆಯ ವರಾಂಡದಲ್ಲಿ. ಓದು ಬರದವರಿಗಾಗಿ ಗೋಡೆಗೆ ಒಂದು ಹಲಗೆ ತೂಗುಹಾಕಿದ್ದರು. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಮೇಲಿನ ಸಾಲಿನಲ್ಲಿ ದೊಡ್ಡವು, ಕೆಳಗೆ ಹೋದಂತೆ ಸಣ್ಣವು. ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಹೇಳಲಾಗದವರನ್ನು ಒಳಗೆ ಕರೆದು, ಪೊರೆ ಬಂದಿದ್ದರೆ ಕಲಬುರಗಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಒಯ್ದು ಆಪರೇಷನ್. ಎಲ್ಲ ಹೇಳಿದವರು ಮನೆಗೆ. ಮುಂದಿನ ಶಿಬಿರ ಯಾವಾಗೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಸಾಲಿನಲ್ಲಿ ಆಯಿ, ನಾಲ್ಕು ಜನ ಬಿಟ್ಟು ಬೀಗತಿ, ಅಂದರೆ ಸೊಸೆಯ ಅವ್ವ. ಒಬ್ಬರು ಬಂದದ್ದನ್ನು ಇನ್ನೊಬ್ಬರಿಗೆ ಹೇಳದೆಯೇ ಕರೆತಂದ ಸೊಸೆ ನಡುವೆ, ಇಬ್ಬರಿಗೂ ಬೆನ್ನು ತೋರಿಸದ ಹಾಗೆ ಅಡ್ಡಕ್ಕೆ ನಿಂತಿದ್ದಳು.

ಆಯಿಯ ಸರದಿ ಬಂತು. ಕುರ್ಚಿಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಡಾಕ್ಟರು ಕೋಲಿನಿಂದ ತೋರಿಸುವ ಮೊದಲೇ ಶುರು ಮಾಡಿದಳು: "ಮ್ಯಾಲ, ಕೆಳಗ, ಎಡಕ್ಕ, ಬಲಕ್ಕ, ಬಲಕ್ಕ, ಮ್ಯಾಲ..." ಬೀಸುವಾಗ ಹಾಡುವ ರಾಗ. ಕಲ್ಲಿನ ಮುಂದೆ ಕೂತು ಉದ್ದುದ್ದ ಹಾಡು ಬಾಯಿಪಾಠ ಹೇಳಿದ ಜೀವ ಅದು. ಸಾಲಿನಲ್ಲಿ ನಿಂತೇ ಮುಂದಿನವರು ಹೇಳಿದ್ದನ್ನೆಲ್ಲ ಕೇಳಿ ಕಲಿತುಬಿಟ್ಟಿದ್ದಳು. ಕೊನೆಯ ಸಾಲೂ ತಪ್ಪಲಿಲ್ಲ. ಡಾಕ್ಟರು "ಶಾಭಾಸ್" ಎಂದು ಮನೆಗೆ ಕಳಿಸಿಯೇಬಿಟ್ಟರು. ಸೊಸೆ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಅಷ್ಟರಲ್ಲಿ ಬೀಗತಿಯ ಸರದಿ. ಆಕೆಯೂ ಕೇಳಿದ್ದನ್ನೆಲ್ಲ ಕಲಿತಿದ್ದಳು. ಆದರೆ ಆಯಿಯಷ್ಟೇ ಹೇಳಿದರೆ ಹೆಚ್ಚುಗಾರಿಕೆ ಏನು? ಹಲಗೆ ಮುಗಿದ ಮೇಲೂ ನಿಲ್ಲಿಸದೆ, "ಎಡಕ್ಕ, ಕೆಳಗ, ಕೆಳಗ, ಮ್ಯಾಲ" ಎಂದು ಇನ್ನೂ ಒಂದು ಸಾಲು ಹೇಳಿದಳು.

"ಅವ್ವಾರ, ಆ ಸಾಲು ಎಲ್ಲಿ ಅದ?" ಎಂದರು ಡಾಕ್ಟರು.

"ಭಾಳ ಸಣ್ಣದದ. ನಿಮಗ ಕಾಣಂಗಿಲ್ಲ ಬಿಡ್ರಿ."

ಡಾಕ್ಟರಿಗೆ ಈಗ ಸಂಶಯ ಬಂತು. ಆಯಿಯನ್ನು ತಿರುಗಿ ಕರೆಸಿದರು. ಕುಂಕುಮದ ಸಂಗತಿಯನ್ನು ನಾನೂ ಅವರ ಕಿವಿಯಲ್ಲಿ ಹಾಕಿದೆ. ಅವರು ನರ್ಸಿಗೆ ಕಣ್ಸನ್ನೆ ಮಾಡಿದರು. ಆಕೆ ಸದ್ದಿಲ್ಲದೆ ಹಲಗೆಯನ್ನು ಇಳಿಸಿ ಒಳಗೆ ಒಯ್ದಳು.

"ಆಯಿ, ಇನ್ನೊಂದು ಸಲ ಹೇಳ್ರಿ."

"ಮ್ಯಾಲ, ಕೆಳಗ, ಎಡಕ್ಕ, ಬಲಕ್ಕ..."

"ಆಯಿ, ಅಲ್ಲಿ ಹಲಗಿನೇ ಇಲ್ಲ. ಬರೀ ಗ್ವಾಡಿ ಅದ."

ಆಯಿ ಒಂದು ಕ್ಷಣವೂ ಅಳುಕಲಿಲ್ಲ.

"ಗ್ವಾಡಿ ಮ್ಯಾಲೂ ಅದ, ಕೆಳಗೂ ಅದ, ಎಡಕ್ಕೂ ಅದ, ಬಲಕ್ಕೂ ಅದ. ನಾ ಏನು ತಪ್ಪು ಹೇಳಿದೆ?"

ಬಾಯಿಗೆ ಪಥ್ಯ

ಇಬ್ಬರಿಗೂ ಆಪರೇಷನ್ ಆಗಲೇಬೇಕೆಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಬಸ್ಸು. ಆದರೆ ರಾತ್ರಿಯೊಳಗೆ ಸೊಸೆಯಿಂದ ಫೋನು. "ಅಕ್ಕೋರೆ, ಇಬ್ಬರೂ ಒಲ್ಲೆ ಅಂತಾರ. 'ಆಕಿ ಹತ್ತಿದ ಬಸ್ಸಿಗಿ ನಾ ಕಾಲಿಡಂಗಿಲ್ಲ' ಅಂತ ಇಕಿ. 'ಇಕಿ ಮಲಗಿದ ದವಾಖಾನಿಗಿ ನಾ ಬರಂಗಿಲ್ಲ' ಅಂತ ಆಕಿ. ನಾ ಬಾವಿಗಿ ಕಾವಲ ಕೂಡ್ಲೇನು, ಮನಿ ಕೆಲಸ ಮಾಡ್ಲೇನು?"

ಅವಳ ದನಿ ಅಳುವಿಗೆ ಬಂದಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಮೊದಲು ಆಯಿಯ ಮನೆ.

"ಆಯಿ, ನಿಮ್ಮ ಬೀಗತಿ ಬರಂಗಿಲ್ಲಂತ. ಸೂಜಿಗಿ ಅಂಜ್ಯಾಳ."

ಆಯಿ ನೆಟ್ಟಗೆ ಕುಳಿತಳು. "ನನಗ ಗೊತ್ತಿತ್ತು. ಅಂಜುಬುರುಕಿ! ನಡೀರಿ, ನಾ ಬರ್ತೀನಿ."

ಆಮೇಲೆ ಹಿಂದಿನ ಓಣಿ. "ಅವ್ವಾರ, ನಿಮ್ಮ ಬೀಗತಿ ಬರಂಗಿಲ್ಲಂತ. ಸೂಜಿಗಿ ಅಂಜ್ಯಾಳ."

"ನಾ ಹೇಳಿದ್ದಿಲ್ಲ? ಬರೀ ಬಾಯಿ ಜೋರು! ನನ್ನ ಚೀಲ ತರ್ರಿ."

ಇಬ್ಬರಿಗೂ ಎದುರಿದ್ದವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನನಗೆ ಭಯವಿದ್ದದ್ದು ದನಿಯದು, ಕೇಳಿದರೆ ಗುರುತು ಹಿಡಿದಾರು. ಅದಕ್ಕೂ ಒಂದು ಉಪಾಯ ಮಾಡಿದೆ. ಬಸ್ಸು ಹತ್ತಿದ ಕೂಡಲೇ ಎಲ್ಲರಿಗೂ ಕೇಳುವಂತೆ ಹೇಳಿದೆ: "ಇಲ್ಲಿ ಕೇಳ್ರಿ. ಕಣ್ಣಿನ ಪಟ್ಟಿ ಬಿಚ್ಚೋ ತನ ಯಾರೂ ಬಾಯಿ ಬಿಡಬಾರದು. ಮಾತಾಡಿದ್ರ ಕಣ್ಣಿನ ನರಕ್ಕ ಜೋರು ಬೀಳ್ತದ." ಡಾಕ್ಟರರ ಹೆಸರು ನಾನು ಎಲ್ಲಿಯೂ ಹೇಳಲಿಲ್ಲ, ಅವರೇ ಹೇಳಿದ್ದೆಂದು ಜನ ತಾವಾಗಿ ತಿಳಿದುಕೊಂಡರು.

ಮೂರು ಜನರ ಸೀಟಿನಲ್ಲಿ ಕಿಟಕಿಯ ಕಡೆ ಆಯಿ, ಈಚೆ ತುದಿಗೆ ಬೀಗತಿ, ನಡುವೆ ಸೊಸೆ. ಒಂದು ಕೈ ಅತ್ತೆಯ ಮುಷ್ಟಿಯಲ್ಲಿ, ಇನ್ನೊಂದು ಅವ್ವನ ಮುಷ್ಟಿಯಲ್ಲಿ. ನನ್ನೊಬ್ಬಳಿಗಾಗಿಯೇ ಈ ಹುಡುಗಿ ಎಲ್ಲ ಕೆಲಸ ಬಿಟ್ಟು ಬಂದಿದ್ದಾಳೆ ಎಂದು ಇಬ್ಬರ ಮುಖದಲ್ಲೂ ಒಂದೇ ಥರದ ತೃಪ್ತಿ. ಸೊಸೆಗೆ ಮೂಗಿನ ತುದಿ ತುರಿಸುತ್ತಿತ್ತು. ಕಲಬುರಗಿ ಬರುವವರೆಗೂ ಅದನ್ನು ತುರಿಸಿದವಳು ನಾನು. ಅದೂ ಸೇವೆಯೇ.

ಪಟ್ಟಿ ಬಿಚ್ಚಿದಾಗ

ಆಪರೇಷನ್ ಇಬ್ಬರದೂ ಸಸೂತ್ರ ಆಯಿತು. ವಾರ್ಡಿನಲ್ಲಿ ಹಾಸಿಗೆಗಳೂ ಅಕ್ಕಪಕ್ಕವೇ ಸಿಕ್ಕವು, ಬೇರೆ ಖಾಲಿ ಇರಲಿಲ್ಲ. ಆ ವಾರ್ಡು ಅಷ್ಟು ಶಾಂತವಾಗಿದ್ದದ್ದನ್ನು ತಾನು ಎಂದೂ ಕಂಡಿಲ್ಲವೆಂದು ನರ್ಸು ಹೇಳಿದಳು.

ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನೂ ಗೆಳತಿಯೂ ಹೋದೆವು. ಸೊಸೆ ಎರಡು ಹಾಸಿಗೆಗಳ ನಡುವೆ ನಿಂತು ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತಿದ್ದಳು. ಕಣ್ಣು ಬಂದರೆ ಜಗಳ, ಬಾರದಿದ್ದರೆ ಬಾವಿ. ಯಾವುದಕ್ಕೆಂದು ಬೇಡಿಕೊಳ್ಳಬೇಕು?

ಡಾಕ್ಟರು ಮೊದಲು ಬೀಗತಿಯ ಪಟ್ಟಿ ತೆಗೆದು ಔಷಧಿ ಹಾಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಲು ಹೇಳಿದರು. ಆಮೇಲೆ ಆಯಿಯದು ತೆಗೆದರು. ಆಯಿ ಮೆಲ್ಲಗೆ ಕಣ್ಣು ಬಿಟ್ಟಳು. ಮೇಲೆ ತಿರುಗುವ ಫ್ಯಾನು ನೋಡಿದಳು. ತನ್ನ ಕೈ ತಿರುಗಿಸಿ ನೋಡಿಕೊಂಡಳು. ಸೊಸೆಯ ಗಲ್ಲ ಹಿಡಿದು, "ಎಷ್ಟು ಸೊರಗೀದಿ ನೀನು? ಹೇಳಬಾರದೇನು?" ಎಂದಳು. ಸೊಸೆಯ ಕಣ್ಣಲ್ಲಿ ನೀರು. ನಾನೂ ಚಷ್ಮಾ ತೆಗೆದು ಸೆರಗಿನಿಂದ ಕಣ್ಣೊತ್ತಿಕೊಂಡೆ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಕ್ಕೋರೆ, ದನಿ ಕೇಳಿ ನಿಮ್ಮನ್ನ ಹರೇದ ಹೆಣ್ಮಗಳು ಅಂದ್ಕೊಂಡಿದ್ದೆ" ಎಂದಳು. ನಾನು ಸೆರಗು ಬಿಟ್ಟು ಚಷ್ಮಾ ಹಾಕಿಕೊಂಡೆ.

ಕೊನೆಗೆ ಆಯಿ ಪಕ್ಕದ ಹಾಸಿಗೆಯತ್ತ ಹೊರಳಿದಳು. ಆ ಹೊತ್ತಿಗೆ ಬೀಗತಿಯೂ ಕಣ್ಣು ಬಿಟ್ಟಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಕ್ಕಳ ಮದುವೆಯ ನಂತರ ಅವರು ಆಡಿದ ಮೊದಲ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

"ಅಯ್ಯ ನನ್ನ ಶಿವನೇ! ಎಷ್ಟು ಮುದುಕಿ ಆಗೀದಿ ನೀನು!"

"ನೀ ಏನು ನಿನ್ನೆ ಮೈನೆರೆದಾಕಿ ಇದ್ದೀಯೇನು? ಕನ್ನಡಿ ತರಿಸ್ಲಾ?"

ಅಷ್ಟೇ. ಕಟ್ಟೆ ಒಡೆಯಿತು. ಆಯಿ ಹಾಸಿಗೆಯ ಮೇಲೆ ಎದ್ದು ಕುಳಿತು, ಬೀಗರ ಊಟದಲ್ಲಿ ಎಲ್ಲರ ಎಲೆಗೂ ತುಪ್ಪ ಬಡಿಸಿ ತನ್ನ ಎಲೆಯೊಂದನ್ನೇ ದಾಟಿ ಹೋದದ್ದೇಕೆ ಎಂದು ಕೇಳಿದಳು. ತಾನು ಕೊಟ್ಟ ರೇಷ್ಮೆ ಸೀರೆ ಉಡದೆ ಹಳೇ ಸೀರೆಯಲ್ಲಿ ಪಂಕ್ತಿಗೆ ಕುಳಿತದ್ದೇಕೆ ಎಂದು ಬೀಗತಿ ತಿರುಗಿ ಕೇಳಿದಳು.

"ಹೊಸ ಸೀರಿ ಮ್ಯಾಲ ತುಪ್ಪ ಬಿದ್ದೀತಂತ ಟ್ರಂಕಿನಾಗ ಇಟ್ಟಿದ್ದೆ!"

"ಹಂಗಂತ ಬಾಯಿ ಬಿಟ್ಟು ಹೇಳಬಾರದೇನು? ಸೀರಿ ಮನಸ್ಸಿಗಿ ಬಂದಿಲ್ಲಂತ ಸಿಟ್ಟಾಗಿ ನಾ ತುಪ್ಪ ಬಡಸಲಿಲ್ಲ!"

ನನ್ನ ಒಗಟು ಅಲ್ಲಿಗೆ ಬಿಡಿಸಿದಂತಾಯಿತು. ತುಪ್ಪ ಬಿದ್ದೀತೆಂದು ಸೀರೆ ಉಡಲಿಲ್ಲ, ಸೀರೆ ಉಡಲಿಲ್ಲವೆಂದು ತುಪ್ಪ ಬೀಳಲಿಲ್ಲ. ಇಷ್ಟಕ್ಕೆ ಆ ಹುಡುಗಿ ಇಷ್ಟು ವರ್ಷ ತವರಿಗೆ ಹೋಗುವಾಗಲೂ ಕಳ್ಳಿಯ ಹಾಗೆ ಹಿತ್ತಲ ಬಾಗಿಲಿನಿಂದ ಹೋಗಿದ್ದಳು.

ಇನ್ನು ಶಾಂತರಾದಾರು ಎಂದುಕೊಂಡೆವು. ಇಬ್ಬರಿಗೂ ಬೇಕಾಗಿದ್ದದ್ದು ಶಾಂತಿಯಲ್ಲ. ಕಮಲಾಪುರಕ್ಕೆ ತಿರುಗಿ ಹೋಗುವ ಬಸ್ಸಿನಲ್ಲಿ ಕರಿ ಚಷ್ಮಾ ಹಾಕಿಕೊಂಡು ಪಕ್ಕಪಕ್ಕದಲ್ಲೇ ಕುಳಿತರು. ಮದುವೆಯ ಹಂದರದಿಂದ ಶುರು ಮಾಡಿ, ಬಾಣಂತನ, ತೊಟ್ಟಿಲು, ಯಾರ ಮನೆಯ ಉಪ್ಪಿನಕಾಯಿ ಯಾರ ಮನೆಗೆ ಹೋಗಲಿಲ್ಲ ಎಂಬವರೆಗೆ ಎಲ್ಲವನ್ನೂ ಕ್ರಮವಾಗಿ ಜಗಳಾಡಿದರು. ಒಬ್ಬಳಿಗೆ ಉಸಿರು ಸಿಕ್ಕದಿದ್ದರೆ ಇನ್ನೊಬ್ಬಳು ನೀರಿನ ಬಾಟ್ಲಿ ಕೊಟ್ಟು, ಕುಡಿಸಿ, ಮುಂದುವರಿಸುವಳು. ಡ್ರೈವರು ಹಾಡು ಹಚ್ಚಿದರೆ "ಅದನ್ನ ಬಂದ್ ಮಾಡಪ್ಪ, ಮಾತು ಕೇಳಸವಲ್ದು" ಎಂದು ಇಬ್ಬರೂ ಒಟ್ಟಿಗೇ ಗದರಿಸಿದರು.

ಊರು ಬಂತು. ಆಯಿ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ನೋಡಿಕೊಂಡು ಇಳಿದಳು. ಅವಳ ಹಿಂದೆ ಬೀಗತಿ. ಇಬ್ಬರೂ ಜಗಳಾಡುತ್ತಲೇ ಒಂದೇ ಓಣಿಯತ್ತ ನಡೆದರು. ಅರ್ಧಕ್ಕೆ ನಿಂತ ಮಾತು ಮುಗಿಸಲು ಬೀಗತಿ ಆಯಿಯ ಮನೆಗೇ ಹೊರಟಿದ್ದಳು. ಸೊಸೆ ಎರಡೂ ಚೀಲ ಹೊತ್ತು ಬಸ್ಸಿನ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಕೈ ಮುಗಿದು, ಬಹಳ ನಮ್ರವಾಗಿ ಕೇಳಿದಳು:

"ಅಕ್ಕೋರೆ, ಕಣ್ಣಿಂದು ಭಾಳ ಚೊಲೋ ಆತು, ದೇವರು ನಿಮಗ ಒಳ್ಳೇದು ಮಾಡ್ಲಿ. ಬಾಯಿಂದು ಶಿಬಿರ ಯಾವಾಗ ಇಡ್ತೀರಿ?"